ದಾರದೊಳಗಿನ ನೆಲ

ಮೊದಲನೇ ರವಿವಾರ ಬಾಯಾರು ಕೇಳಿದ್ದು
ಪುಸ್ತಕ ಅಲ್ಲ, ಪೆನ್ನಲ್ಲ.
'ದ್ರಾಕ್ಷಾಣಿ, ಮಗ್ಗದಾಗ ಉಳಿದ ದಾರ ಇದ್ರ ತಗೊಂಬಾ.'
ಖಣ ನೇಯ್ದು ಉಳಿದ ಗಂಟುಗಂಟು ರೇಷ್ಮಿ,
ಗಿಣಿಹಸರು, ಕೆಂಪು,
ಸೆರಗಿನಾಗ ಕಟ್ಟಿಕೊಂಡು
ಗುಳೇದಗುಡ್ಡದ ಹಿಂದಿನ ಕಲ್ಲುಗುಡ್ಡ ಹತ್ತಿದೆ.

ನಾಕು ಕಲ್ಲು, ನಾಕು ಮೂಲಿ, ಸುತ್ತ ದಾರ.
'ಇಷ್ಟು ನೆಲ ನಿಂದು,' ಅಂದ್ರು ಇಂದುಮತಿ ಬಾಯಾರು.
'ಒಂದು ವರ್ಷ ನೋಡು. ಮುಟ್ಟಿ ನೋಡು, ಮೂಸಿ ನೋಡು,
ಕೀಳಬ್ಯಾಡ.'
ನಕ್ಕೆ ನಾನು. ನಮ್ಮಪ್ಪಗೂ
ನೆಲ ಅಂದ್ರ ಕುಣಿಮಗ್ಗದ ಕುಣಿ, ಅಷ್ಟ.

ಪಂಚರ್ ಅಂಗಡಿ ದಾವಲನ ಚೌಕದಾಗ
ಕವಳಿ ಕಂಟಿ, ಅದರ ಬುಡಕ್ಕ ಇರಿವಿ ಗೂಡು.
ರೆಹಮತ್‌ಬಿಗೆ ಬಂದರಿಕಿ, ಪರಗಿ, ಮತ್ತೊಂದು ಬಳ್ಳಿ.
ನನಗ ಸುಟ್ಟ ರೊಟ್ಟಿ ಬಣ್ಣದ ಹಾಸಗಲ್ಲು,
ಅದರ ಬಿರುಕಿನಾಗ ಹಿಡಿಯಷ್ಟು ಉಸುಕು.
ಮೂರು ವಾರ ವಹಿಯಾಗ ಅದನ್ನ ಬರದೆ:
ಕಲ್ಲು. ಉಸುಕು. ಕಲ್ಲು.

ಓದಿದ ಬಾಯಾರು ಕೆಳಗ ಕೆಂಪು ಶಾಯಿಲೆ ಕೇಳಿದ್ರು:
ಮುಂಜಾನೆ ಎಷ್ಟು ತಂಪು?
ಮಳಿ ನೀರು ಯಾ ಕಡೆ ಜಾರತೈತಿ?

ಆಮ್ಯಾಲೆ ಮೊಣಕಾಲೂರಿ ಕುಂತೆ.
ಹರದ ಎಳಿ ಹುಡುಕೂ ಕಣ್ಣಿಲೆ ನೋಡಿದೆ.
ಕರಡದ ಒಣಕಡ್ಡಿ ನೆರಳಿಗೆ ನಿಂತಿತ್ತು,
ಬೆರಳುದ್ದ, ಎಲಿ ಇಲ್ಲ,
ನಾಕು ಏಣಿನ ಹಸರು ಕಾಂಡ.
ಎರಡು ಬೆರಳಾಗ ಹಿಡದೆ:
ತಣ್ಣಗಿತ್ತು, ಕೂಸಿನ ಕಿವಿ ಹಂಗ.

ಕುರಿ ಹೊಡಕೊಂಡು ಬಂದ ಹೊನಕೇರೆಪ್ಪ ಅಂದ:
'ಮಂಗನಕೋಡು ಅದು. ಉಪ್ಪು ಹಚ್ಚಿ ತಿಂದ್ರ
ಸಂಜೀತನಾ ಹಸಿವು ಸುಳಿಯೂದಿಲ್ಲ.'
ಬಾಯಾರು ಬರಕೊಂಡ್ರು.
ಅವರ ದಪ್ಪ ಪುಸ್ತಕದಾಗಿನ ಹೆಸರು
ನಮ್ಮ ಯಾರ ನಾಲಿಗ್ಯಾಗೂ ತಿರುಗಲಿಲ್ಲ.

ಈಗ ಹೇಳತೀನಿ, ಆಗ ಹೇಳಿರಲಿಲ್ಲ:
ಆಷಾಢದಾಗ ಒಂದಿನ ಒಬ್ಬಾಕಿನ ಹೋಗಿ
ಒಂದು ಕೋಡು ಬೇರುಸಮೇತ ಎಬ್ಬಿಸಿದೆ.
ಎಣ್ಣಿ ಡಬ್ಬಿಗೆ ಕರಿಮಣ್ಣು, ಸೆಗಣಿ ಗೊಬ್ಬರ,
ಕಂಡಿಕಿ ಸುತ್ತೂ ಕಟ್ಟಿ ಮ್ಯಾಲೆ, ಮಗ್ಗದ ನೆರಳಿಗೆ ಇಟ್ಟೆ.
ಮುಂಜಾನಿಗೊಂದು ತಂಬಿಗಿ, ಸಂಜಿಗೊಂದು ತಂಬಿಗಿ.
ಹೆತ್ತ ಮಕ್ಕಳಿಗೂ ಅಷ್ಟು ಆರೈಕಿ ಮಾಡಿದಾಕಿ ಅಲ್ಲ.
ಹನ್ನೊಂದನೇ ದಿನ ಬುಡ ಕಂದಿ
ಮುಟ್ಟಿದ್ರ ಬೆರಳಿಗೆ ಅಂಟಿ ಬಂತು,
ಕೊಳತ ಬಾಳಿಹಣ್ಣು.

ಡಬ್ಬಿ ಎತ್ತಿಕೊಂಡು ಗುಡ್ಡ ಹತ್ತಿದೆ.
ಬಾಯಾರು ಬೈಯಲಿಲ್ಲ.
ಬೈದಿದ್ರ ಚೊಲೊ ಇತ್ತು.
ಮೋಡ ಸರದು ಬಿಸಿಲು ಬಿದ್ದಿತ್ತು.
'ಕಲ್ಲಿನ ಮ್ಯಾಲೆ ಅಂಗೈ ಇಡು,' ಅಂದ್ರು. 'ನೂರು ಎಣಸು.'
ಇಪ್ಪತ್ತಕ್ಕ ಹಂಚು, ನಲವತ್ತಕ್ಕ ಕೆಂಡ,
ಅರವತ್ತಕ್ಕ ಕೈ ತಗದೆ.
'ಈಗ ಬಿರುಕಿನಾಗ ಬೆರಳು ಹಾಕು.'
ಒಳಗ ತಂಪು. ನಿನ್ನಿ ಮಳಿಯ ಪಸಿ
ಉಗುರು ತೋಯೂವಷ್ಟ ಇತ್ತು,
ಮಿಕ್ಕಿದ್ದೆಲ್ಲಾ ಸೋರಿ ಹೋಗಿತ್ತು.

ಯಾರೂ ಮಾತಾಡಲಿಲ್ಲ. ದಾವಲ ಒಬ್ಬನ ಅಂದ:
'ಗಾಳಿ ಹೆಚ್ಚಾದ್ರೂ ಟ್ಯೂಬು ಒಡಿತೈತಿ ಅಕ್ಕಾ.'

ದಸರಾ ಮುಂದ ಹೋದಾಗ
ದಾರ ಬಿಸಿಲಿಗೆ ಬಿಳಿಚಿತ್ತು. ಒಂದು ಕಡಿ ಎಳಿ
ಯಾವ ಹಕ್ಕಿನೋ ಗೂಡಿಗೆ ಒಯ್ದಿತ್ತು.
ಹಂಗ ಬಿಟ್ಟೆ, ಮತ್ತ ಕಟ್ಟಲಿಲ್ಲ.
ನಾ ಕಿತ್ತ ತಗ್ಗಿನ ಮಗ್ಗಲಿಗೆ
ಉಳದ ಕೋಡು ಹೂಬಿಟ್ಟಿತ್ತು.
ರೆಹಮತ್‌ಬಿ ಮೂಗಿಗೆ ದುಪ್ಪಟ್ಟಾ ಒತ್ತಿ ದೂರ ಸರದಳು.
ನಾನು ಕುಂತು ವಹಿ ತಗದೆ:

ವಾಸನಿ: ಸತ್ತ ಇಲಿ.
ನೊಣ: ಹದಿನಾಕು, ಹದಿನೈದನೇದು ಬರಾಕತ್ತೈತಿ.
ಬಣ್ಣ: ಪುಸ್ತಕದಾಗ ಕಂದು ಅಂತ ಐತಿ, ತಪ್ಪು.
ಹಾಸಿನಾಗ ಕೆಂಪು, ಹೊಕ್ಕಿನಾಗ ಕರಿ
ಹಾಕಿ ನೇಯ್ದ್ರ ಬರತೈತಲ್ಲ, ಅದು.