ಐದನೇ ಇಯತ್ತೆ, ಬ ವರ್ಗ

ಪರೇಲಿನ ಈ ಮುನ್ಸಿಪಾಲ್ಟಿ ಶಾಲೆ ಮಾರ್ಚಿನಲ್ಲಿ ಮುಚ್ಚಿತು,
ಏಪ್ರಿಲಿನಲ್ಲಿ ನಮಗಾಗಿ ತೆರೆಯಿತು.
ಬೆಂಚುಗಳನ್ನು ಮೂಲೆಗೆ ಪೇರಿಸಿ
ನೆಲದ ಮೇಲೆ ಆರು ಹಾಸಿಗೆ.
ಅದಕ್ಕೂ ಮೊದಲು ಚಾಳಿನ ಮಾಲಕ
ನನ್ನ ಟ್ರಂಕನ್ನು ಜಿನೆಯ ಮೇಲಿಟ್ಟು
ಬಾಗಿಲ ಒಳಗಿನಿಂದಲೇ ಹೇಳಿದ್ದ:
ಸಿಸ್ಟರ್, ಮನೆಯಲ್ಲಿ ಮಕ್ಕಳಿದ್ದಾವೆ.

ಇಲ್ಲಿಯೂ ಮಕ್ಕಳಿದ್ದರು.
ಎಣ್ಣೆ ಹಚ್ಚಿದ ತಲೆಗಳು ಒರಗಿದ ಗುರುತು
ಗೋಡೆಯುದ್ದಕ್ಕೂ, ಸಾಲಾಗಿ, ನನ್ನ ಸೊಂಟದ ಮಟ್ಟಕ್ಕೆ.

ನಲ್ಲಿಗಳೂ ಅವರದೇ ಎತ್ತರಕ್ಕೆ.
ಪಾಳಿ ಮುಗಿಸಿ ಬಂದವರು ಬಗ್ಗಿ, ಇನ್ನಷ್ಟು ಬಗ್ಗಿ
ಮೊಣಕೈವರೆಗೆ ತೊಳೆಯುತ್ತೇವೆ.
ಪಾಯಖಾನೆಯ ಬಾಗಿಲು ಎದೆಯವರೆಗೆ ಮಾತ್ರ:
ಒಬ್ಬಳು ಒಳಗೆ,
ಇನ್ನೊಬ್ಬಳು ಹೊರಗೆ ಚಾದರ ಹಿಡಿದು.
ಬೇಗ ಬಾರೇ ಎನ್ನುವುದಿಲ್ಲ ಯಾರೂ.
ಆರು ತಾಸು ಸೂಟಿನೊಳಗೆ
ಗುಟುಕು ನೀರು ಕುಡಿಯದೆ ತಡೆದುಕೊಂಡು ಬಂದವರಿಗೆ
ಅವಸರ ಬೇಡ, ಅವಸರ ಬೇಡ ಎನ್ನುತ್ತಾಳೆ
ಸಾತಾರೆಯ ಶೈಲಾ ಖರಾತ,
ಚಾದರದ ಆಚೆಯಿಂದ, ದೇವರ ಹಾಗೆ.

ಕರಿಹಲಗೆಯನ್ನು ಯಾರೂ ಒರೆಸಿಲ್ಲ.
ಮೇಲೆ ಬಲಕ್ಕೆ: ಪಟ ೩೧, ಹಾಜರಿ ೧೯.
ನಡುವೆ ಯಾರೋ ಬಾಯಿಯವರ ಗುಂಡು ಅಕ್ಷರ:

ಪ್ರಥಮಾ – ಉ
ದ್ವಿತೀಯಾ – ಅನ್ನು
ತೃತೀಯಾ – ಇಂದ
ಚತುರ್ಥೀ –

ಅಲ್ಲಿ ಗಂಟೆ ಹೊಡೆದಿರಬೇಕು.

ಯಾವ ಔಷಧದ ಡೋಸು ಅದು? ಕೇಳಿದಳು ಜಿನ್ಸಿ.
ಈ ಕೋಣೆಯಲ್ಲಿ ಕನ್ನಡ ಓದಬಲ್ಲವಳು ನಾನೊಬ್ಬಳೇ, ಅಕ್ಕಲಕೋಟೆಯವಳು.
ಹಿಂದಿಯಲ್ಲಿ ತಡವರಿಸಿ ಹೇಳಿದೆ:
ಶಬ್ದ ಅದೇ. ಬಾಲ ಬದಲಾದರೆ
ಅದರ ಹಣೆಬರಹವೇ ಬದಲು.
ಇಬೆಮ್ಚಾ ನಕ್ಕಳು, ಡ್ಯೂಟಿ ಚಾರ್ಟಿನ ಹಾಗೆ ಅನ್ನು.

ನಿದ್ದೆ ಬಾರದ ಹಗಲು, ಕಿಟಕಿಗೆ ಹಾಳೆ ಅಂಟಿಸಿಕೊಂಡು
ಮನಸ್ಸಿನಲ್ಲೇ ಪಾಠ ಒಪ್ಪಿಸುತ್ತೇನೆ.

ನರ್ಸು ನಿಂತಿದ್ದಾಳೆ.
ಬೆನ್ನ ಮೇಲೆ ಸ್ಕೆಚ್‌ಪೆನ್ನಿನಲ್ಲಿ ಹೆಸರು, ಮಹಾನಂದಾ,
ಬೆವರಿಗೆ ಕದಡಿ ಈಗ ಬರೀ ನಂದಾ.

ನರ್ಸನ್ನು ಕರೆಯುತ್ತಾರೆ
ಹನ್ನೆರಡನೇ ಹಾಸಿಗೆ, ಇಪ್ಪತ್ತನೇ ಹಾಸಿಗೆ,
ಕಿರುಚುವ ಮಾನಿಟರು,
ಚೀಲದ ಚೈನು ಎಳೆಯಲು ಎರಡನೇ ಕೈ ಬೇಕಾದ ವಾರ್ಡ್‌ಬಾಯ್.

ನರ್ಸಿನಿಂದ
ಮಗಳ ಹತ್ತಿರ ಮಾತಾಡಿದ ಧೋಂಡೂ ಪಾವಸ್ಕರ ಕಾಕಾ,
ಮುಚ್ಚಿಹೋದ ಗಿರಣಿಯ ಜಾಬರ್.
ಫೋನು ಪ್ಲಾಸ್ಟಿಕ್ಕಿನಲ್ಲಿ, ನಾನು ಪ್ಲಾಸ್ಟಿಕ್ಕಿನಲ್ಲಿ,
ಮಂಜು ಹಿಡಿದ ಗಾಗಲಿನಲ್ಲಿ ನನಗೆ ಇಬ್ಬರೂ ಕಾಣುತ್ತಿರಲಿಲ್ಲ.
ಫೋನು ಕಟ್ಟಾದ ಮೇಲೂ ನನ್ನತ್ತ ನೋಡಿ
ಸುಮನ್, ಅನ್ನ ಉಂಡೆಯಾ ಎಂದರು.
ಹೋ, ಉಂಡೆ ಎಂದೆ. ಸುಳ್ಳು.
ಬೆಳಗಿನ ಪುಲಾವು ಪೊಟ್ಟಣದಲ್ಲೇ ಹಳಸಿತ್ತು.

ನರ್ಸಿಗೆ
ಮಾರ್ಚಿನ ಒಂದು ಸಂಜೆ ತಾಟು ಬಡಿದರು.
ದಿನಕ್ಕೆ ಮುನ್ನೂರು ಎಂಬ ಕಾಗದ ಬಂತು,
ಮುನ್ನೂರು ಬರಲಿಲ್ಲ.
ಒಂದು ಮಾಸ್ಕು, ಐದು ದಿನಕ್ಕೆ,
ಮಗಳಿಗೆ ಇನ್ನು ಎಷ್ಟು ದಿನ ಎಂದು ಹೇಳಲು ಒಂದು ಸುಳ್ಳು,
ರಜೆ ಕೇಳಿದರೆ ನೋಟೀಸು.

ಗೆ. ಒಂದೇ ಅಕ್ಷರ.
ಕಿಟಕಿಯಲ್ಲಿ ಸೀಮೆಸುಣ್ಣದ ತುಂಡೂ ಇತ್ತು.
ಕೈಗವಸಿನಲ್ಲಿ ನೆನೆದು ಸುಕ್ಕಾದ ಬೆರಳಿಗೆ
ಅದು ಹಿಡಿದದ್ದೇ ತಿಳಿಯಲಿಲ್ಲ.
ತಿರುಗಿ ಇಟ್ಟೆ. ಹತ್ತೊಂಬತ್ತು ಮಂದಿಯಲ್ಲಿ
ಯಾರಾದರೂ ಕೈ ಎತ್ತಿಯಾರು, ಬಾಯೀ, ನನಗೆ ಬರ್ತದ ಅಂತ.

ಹಲಗೆ ಸಪ್ತಮಿಯವರೆಗೆ ಹೋಗಲೇ ಇಲ್ಲ.
ಶೈಲಾ ಹೋದಳು: ವಾರ್ಡಿನಲ್ಲಿ,
ಕಿಟಕಿಯ ಪಕ್ಕದ ಒಂಬತ್ತನೇ ಹಾಸಿಗೆಯಲ್ಲಿ.
ಅವಳ ಚಾದರ ಇಲ್ಲಿ ಮಡಚಿದಂತೆಯೇ ಇದೆ.

ಇವತ್ತು ರಾತ್ರಿ ಬೆಡ್‌ಪ್ಯಾನು ಇಟ್ಟು, ಪರದೆ ಸಿಗದೆ
ಹಸಿರು ಡ್ರಾ ಶೀಟನ್ನು ಎರಡೂ ಕೈಯಿಂದ ಅಗಲಿಸಿ
ಬೆನ್ನು ಮಾಡಿ ನಿಂತೆ.
ಅವಸರ ಬೇಡ ಎಂದೆ.

ಮಾಸ್ಕಿನೊಳಗಿನಿಂದ ಅವಳೇನೋ ಅಂದಳು.
ಆಕ್ಸಿಜನ್ನಿನ ಸದ್ದು. ಕೇಳಿಸಲಿಲ್ಲ.