ಗುಜರಿಗೆ ಬಂದ ರೀಲು

ಡಬ್ಬಿಯ ಮುಚ್ಚಳ ತುಕ್ಕು ಹಿಡಿದು ಕಚ್ಚಿಕೊಂಡಿತ್ತು,
ವಾಚಿನ ಬೆನ್ನು ಬಿಚ್ಚುವ ಚಾಕುವೇ ಬೇಕಾಯಿತು.
ಮೊದಲು ಬಂದದ್ದು ಕರ್ಪೂರದ ವಾಸನೆ,
ಆಮೇಲೆ ಒದ್ದೆ ಸಾಕ್ಸಿನದು.
"ಟೆಂಟು ಸಿನಿಮಾದವರ ಅಟ್ಟದಲ್ಲಿತ್ತು ಧರಣೇಂದ್ರಣ್ಣ,
ತೊಳೆದರೆ ಬೆಳ್ಳಿ ಬಿಡುತ್ತದಂತೆ,
ಎಷ್ಟು ಬಿಟ್ಟೀತು, ನೋಡಿ ಹೇಳಿ" ಅಂದ ಮುಕ್ತಿಯಾರ್.
ಗಾಂಧಿ ಬಜಾರಿನ ಈ ಮೂರಡಿ ಅಂಗಡಿಯಲ್ಲಿ
ಬೆಳ್ಳಿ ತೂಗುವ ತಕ್ಕಡಿ ಎಲ್ಲಿಂದ ಬರಬೇಕು?
ಕಣ್ಣಿಗೆ ಸಿಕ್ಕಿಸುವ ಮಸೂರವಿದೆ, ಅಷ್ಟೆ.

ಬೀಡಿ ಆರಿಸು ಮೊದಲು, ಅಂದೆ.
ಇದು ಹತ್ತಿಕೊಂಡರೆ ನೀರೊಳಗೂ ಉರಿಯುವ ಜಾತಿ.

ಒಂದು ಮೊಳ ಬಿಚ್ಚಿ ಬೆಳಕಿಗೆ ಹಿಡಿದೆ.
ಯಾವ ಊರೋ. ಚೀಟಿ ಹರಿದಿದೆ.
ಬೀದಿ ಇದ್ದ ಕಡೆ ಇಟ್ಟಿಗೆ. ಇಟ್ಟಿಗೆಯ ಮೇಲೊಂದು ಬಾಗಿಲು,
ಗೋಡೆಯಿಲ್ಲದೆ ನೆಟ್ಟಗೆ, ಚಿಲಕ ಹಾಕಿಕೊಂಡು.
ಮಂಚ ಹೊತ್ತ ಇಬ್ಬರು. ಮೇಲೆ ಮಲಗಿದ್ದು ಯಾರೆಂದು
ಗೀರು ಬಿದ್ದು ತಿಳಿಯದು.
ಒಬ್ಬ ಹುಡುಗ ಕ್ಯಾಮೆರಾ ನೋಡಿ ನಕ್ಕಿದ್ದಾನೆ.
ಬೈಯಬೇಡಿ. ಹುಡುಗರು ನಗುತ್ತಾರೆ.

ಭೂಕಂಪ ಮಾತ್ರ ಇದರಲ್ಲಿಲ್ಲ.
ಅದು ಮುಗಿದ ಮೇಲೆ ಬಂದವನು ಹ್ಯಾಂಡಲ್ ತಿರುಗಿಸುವವನು,
ಮುಕ್ಕಾಲಿ ಊರುವುದಕ್ಕೂ ನೆಲ ನಿಂತಿರಬೇಕಲ್ಲ.
ಟೆಂಟಿನ ಪರದೆಯ ಮೇಲೆ ಅಂದು ಏನಾದರೂ ನಡುಗಿದ್ದರೆ
ಅದು ಅಂಚಿನ ತೂತು ಸವೆದ ನಡುಕ.
ನಮ್ಮ ಅಜ್ಜಂದಿರು ಬೆಂಚು ಹಿಡಿದುಕೊಂಡಿದ್ದರೆ, ಅದಕ್ಕೆ.

ಆಮೇಲೆ ಸಿಕ್ಕಿದ ಅವನು.
ಕೋಟಿನ ಒಂದು ತೋಳು ಇಲ್ಲ. ಕಲ್ಲಿನ ಮೇಲೆ ಕೂತು
ಜೇಬಿನ ಗಡಿಯಾರ ತೆಗೆದು ಕಿವಿಗೆ ಹಿಡಿದಿದ್ದಾನೆ.
ಮೂವತ್ತೆಂಟು ವರ್ಷದಿಂದ ಈ ಭಂಗಿ ನನಗೆ ಗೊತ್ತು,
ನಿಂತ ವಾಚು ತರುವವರೆಲ್ಲ ಕೊಡುವ ಮುಂಚೆ
ಹೀಗೇ ಒಮ್ಮೆ ಕಿವಿಗೆ ಹಿಡಿಯುತ್ತಾರೆ,
ದಾರಿಯಲ್ಲೇನಾದರೂ ಬದುಕಿಕೊಂಡಿತೋ ಎಂದು.
ಇಡೀ ಮೂಕಚಿತ್ರದಲ್ಲಿ
ಕೇಳಿಸಿಕೊಳ್ಳುತ್ತಿರುವವನು ಇವನೊಬ್ಬ.

ಲೆಕ್ಕ ಹಾಕಿದೆ. ಐವತ್ತಾರು ಚೌಕ.
ಸೆಕೆಂಡಿಗೆ ಹದಿನಾರರಂತೆ ಮೂರೂವರೆ ಸೆಕೆಂಡು.
ಓಡುವ ಗಡಿಯಾರವಾದರೆ ಹದಿನೇಳು ಟಿಕ್ಕು,
ಹದಿನೆಂಟನೆಯದಕ್ಕೆ ಫಿಲ್ಮು ತುಂಡು.
ಅವನ ಮುಖ ಇನ್ನೂ ಬದಲಾಗಿರಲಿಲ್ಲ.

ಹುಣಸೋಡಿನ ರಾತ್ರಿ ನೆನಪಿದೆಯಾ ಮುಕ್ತಿಯಾರ್?
ಪಾತ್ರೆ ಸ್ಟ್ಯಾಂಡಿನ ಲೋಟಗಳು ಒಂದೊಂದಾಗಿ ಇಳಿದವು.
ಭೂಕಂಪ, ಭೂಕಂಪ ಎಂದು ಊರಿಗೆ ಊರೇ
ನೈಟಿ ಲುಂಗಿಗಳಲ್ಲಿ ಬೀದಿಗೆ ಬಂದು ನಿಂತಿತ್ತು, ಜನವರಿಯ ಚಳಿ.
ನಾನು ಅಂಗಡಿಗೆ ಓಡಿ ಷಟರ್ ಎತ್ತಿದರೆ
ಗೋಡೆಯ ಗಡಿಯಾರಗಳೆಲ್ಲ ಅವರವರ ತಪ್ಪು ಹೊತ್ತಿನಲ್ಲಿ
ಆರಾಮಾಗಿ ಓಡುತ್ತಿದ್ದವು.
ಕೊನೆಗೆ ಯಾರೋ ಫೋನು ನೋಡಿ ಅಂದರು,
ಭೂಮಿ ಅಲ್ಲವಂತೆ, ಕ್ವಾರಿ ಕಡೆ
ಲಾರಿಯಲ್ಲಿದ್ದ ಸಿಡಿಮದ್ದಂತೆ.
ಅಬ್ಬ, ಅಷ್ಟೇನಾ, ಅಂದೆವು.
ಬಾಗಿಲು ಹಾಕಿಕೊಂಡು ನಿದ್ದೆಯನ್ನೂ ಮಾಡಿದೆವು.
ಆ "ಅಷ್ಟೇ"ಯ ಒಳಗೆ ಕೂಲಿಗೆ ಬಂದ ಮನುಷ್ಯರಿದ್ದರೆಂದು
ಬೆಳಿಗ್ಗೆ ಪೇಪರಿನವರು ಹೇಳಬೇಕಾಯಿತು.

ಮುಕ್ತಿಯಾರ್ ತಲೆ ಕೆರೆದುಕೊಂಡ.
"ಆ ವಾರ ಗಾಜು ಬಂತು ನೋಡಿ, ಚೀಲಗಟ್ಟಲೆ.
ಕೆಜಿಗೆ ಎರಡು ರೂಪಾಯಿ ಕೊಟ್ಟೆ.
ಒಂದು ಚೂರಿಗೆ ಯಾರದೋ ದೇವರ ಫೋಟೋ ಅಂಟಿತ್ತು,
ಅದನ್ನು ಮಾತ್ರ ತೂಗಲಿಲ್ಲ."

ಬೆಳ್ಳಿ ಎಷ್ಟಿದೆ ಅಂತ ಮತ್ತೆ ಕೇಳಿದ.
ಇಲ್ಲ ಕಣೋ, ಎಲ್ಲ ಹೋಗಿದೆ, ಅಂದೆ.
ಸುಳ್ಳು. ಕಪ್ಪಗಿರುವ ಕಡೆಯೆಲ್ಲ ಬೆಳ್ಳಿಯೇ,
ಇಟ್ಟಿಗೆಯ ನೆರಳಿನಲ್ಲಿ, ಹುಡುಗನ ಬಾಯೊಳಗೆ,
ಕಿವಿಗೂ ಗಡಿಯಾರಕ್ಕೂ ನಡುವಿನ ಆ ಸಂದಿಯಲ್ಲಿ.
ಅವನಿಗೂ ಗೊತ್ತು, ಗುಜರಿಯವನಲ್ಲವೇ.
ಇನ್ನೂರು ಕೊಡಿ ಸಾಕು ಅಂದ, ಎಣಿಸದೆ ಮಡಚಿಟ್ಟುಕೊಂಡ.

ಡಬ್ಬಿ ಈಗ ನಮ್ಮ ಫ್ರಿಜ್ಜಿನಲ್ಲಿದೆ, ಇಡ್ಲಿ ಹಿಟ್ಟಿನ ಪಕ್ಕ.
ರತ್ನಮಾಲಾ ಬೈದು ಬೈದು ಸುಮ್ಮನಾದಳು.
ಮೊನ್ನೆ ನಡುರಾತ್ರಿ ನೀರಿಗೆಂದು ಎದ್ದವಳು
ಬಾಗಿಲು ತೆರೆದು, ಆ ಹಳದಿ ಬೆಳಕಿನಲ್ಲಿ,
ಡಬ್ಬಿಗೆ ಕಿವಿ ಹಚ್ಚಿದ್ದನ್ನು ನೋಡಿದೆ.
ಏನು ಕೇಳಿಸಿತೆಂದು
ನಾನೂ ಕೇಳಲಿಲ್ಲ.