ಗೋಡೆಗೆ ಹೇಳಿದ ಪಾಠ

ನರೀನ್ ನದಿಯಾಚೆಯ ಶಾಲೆ, ನಾಲ್ಕನೇ ತರಗತಿ.
ಕಿಟಕಿಯ ಒಳಮೈಗೂ ಹಿಮ.
ಕಲ್ಲಿದ್ದಲ ಒಲೆಯ ಪಕ್ಕ ಯಾರು ಕೂರಬೇಕೆಂದು
ದಿನಾ ಒಂದು ಜಗಳ.

ಬೆಗಿಮಾಯ್ ಬಂದದ್ದು ನವೆಂಬರಿನಲ್ಲಿ.
ಕಿವಿಯ ಹಿಂದೆ ಅವರೆಕಾಳಿನಷ್ಟು ಯಂತ್ರ,
ಅದರ ಬ್ಯಾಟರಿ ಸತ್ತು ತಿಂಗಳಾಗಿತ್ತು;
ಬಿಷ್ಕೆಕ್ಕಿಗೆ ಹೋದವರು ಯಾರಾದರೂ ತರಬೇಕು.
"ಮುಂದೆ ಕೂರಿಸಿ, ಸಾಕು" ಅಂದರು ಹೆಡ್‌ಮಾಸ್ತರು,
ಬೆಂಚು ಬದಲಾದರೆ ಕಿವಿ ಬಂದೀತು ಎಂಬಂತೆ.

ಕೂರಿಸಿದೆ.
ಹುಡುಗಿ ನನ್ನ ಬಾಯನ್ನೇ ನೋಡುತ್ತಿದ್ದಳು,
ಮುಚ್ಚಿದ ಅಂಗಡಿಯ ಮುಂದೆ ಕಾದವರ ಹಾಗೆ.
ನಾನು ಬೋರ್ಡಿಗೆ ತಿರುಗಿದರೆ
ತಲೆ ತಗ್ಗಿಸಿ ಪೆನ್ಸಿಲಿನ ತುದಿ ಕಚ್ಚುವಳು.
ಇತ್ತ ತಿರುಗಿದರೆ ಮತ್ತೆ ಆ ಕಣ್ಣು.
ವಾರವಿಡೀ ಹೀಗೇ. ನನಗೆ ಹೊಳೆಯಲಿಲ್ಲ.
ಹೊಳೆದದ್ದು ಎರ್ಮೆಕನಿಗೆ, ಏಳರ ಮಗ್ಗಿ ಬಾರದವನಿಗೆ:
"ಎಜೆ, ನಿಮ್ಮ ಬೆನ್ನಿಗೆ ತುಟಿಯಿಲ್ಲ."

ಎಲ್ಲ ನಕ್ಕರು. ಅವಳೂ ನಕ್ಕಳು,
ಒಂದು ಗಳಿಗೆ ತಡವಾಗಿ,
ಉಳಿದವರ ಮುಖ ನೋಡಿಕೊಂಡು.
ಆ ತಡ ನನ್ನ ಗಂಟಲಲ್ಲಿ ಮೀನಿನ ಮುಳ್ಳಾಯಿತು.

ರಾತ್ರಿ ಲೆಕ್ಕ ಹಾಕಿದೆ:
ಇಪ್ಪತ್ತೆರಡು ವರ್ಷ, ದಿನಕ್ಕೆ ಐದು ಪೀರಿಯಡ್ಡು,
ಅರ್ಧ ಮಾತು ಗೋಡೆಗೇ.
ಗೋಡೆಗೂ ಕಿವಿಯುಂಟು ಅನ್ನುತ್ತಾರೆ.
ಇದ್ದದ್ದೇ ಆದರೆ ಈ ಹೊತ್ತಿಗೆ ಅದು
ಭಿನ್ನರಾಶಿ ಕಲಿತು ಪಾಸಾಗಿ
ಬೇರೆ ಊರು ಸೇರಿರಬೇಕಿತ್ತು.

ಮರುದಿನ ಬೋರ್ಡು ಮುಟ್ಟಲಿಲ್ಲ.
ಐದು ರೊಟ್ಟಿ, ತಂದೂರಿನವು, ಬಟ್ಟೆಯಲ್ಲಿ ಸುತ್ತಿ ಒಯ್ದೆ.
ಬೆಂಚುಗಳನ್ನು ಒಲೆಯ ಸುತ್ತ ಎಳೆದೆವು;
ದಿನದ ಜಗಳ ಅಲ್ಲಿಗೇ ಬಗೆಹರಿಯಿತು,
ಅದು ನಾನು ಎಣಿಸಿರದ ಲಾಭ.
ಮೊದಲು ಮುರಿದು ತೋರಿಸಿದೆ, ಆಮೇಲೆ ಮುಖವೆತ್ತಿ ಅಂದೆ:
ನಾಲ್ಕರಲ್ಲಿ ಮೂರು.
ಬೆಗಿಮಾಯ್ ಮೂರು ಚೂರು ತನ್ನತ್ತ ಎಳೆದುಕೊಂಡಳು,
ಉಳಿದದ್ದನ್ನು ನನ್ನೆಡೆ ತಳ್ಳಿದಳು.
ಮೂರು ವರ್ಷ ಹಿಂದಿನ ಸಾಲಲ್ಲಿ ತೂಕಡಿಸಿದ ಸಮತ್
"ಓ, ಇದೇನಾ ಅದು!" ಅಂದ.
ಅವನ ಕಿವಿಗೆ ಯಾವ ಕಾಯಿಲೆಯೂ ಇರಲಿಲ್ಲ.

ಎಲ್ಲ ಸರಿಹೋಯಿತು ಅನ್ನಲಾರೆ.
ಬ್ಯಾಟರಿ ಇನ್ನೂ ಬಂದಿಲ್ಲ.
ಉಕ್ತಲೇಖನದ ದಿನ ಅವಳು ಪುಸ್ತಕ ಹರಿದಳು,
ನಾನು ಗದರಿದೆ, ಅದೂ ಬೋರ್ಡಿನ ಕಡೆ ತಿರುಗಿ.
ಹಳೆ ಚಾಳಿ ಎಲುಬಿನದು.

ಮಾರ್ಚಿನಲ್ಲಿ ಇನ್ಸ್‌ಪೆಕ್ಟರು ಬಂದರು, ಬೂಟಿನ ತುಂಬ ಕೆಸರು.
"ಒಬ್ಬಳಿಗೋಸ್ಕರ ಮೂವತ್ತು ಮಕ್ಕಳನ್ನು ನಿಧಾನ ಮಾಡುವುದೇ?"
ನಾನು ಉತ್ತರಕ್ಕೆ ಬಾಯಿ ತೆರೆಯುವಷ್ಟರಲ್ಲಿ
ಅವರು ಕಿಟಕಿಗೆ ತಿರುಗಿ ಇನ್ನೇನೋ ಹೇಳತೊಡಗಿದರು.

ತರಗತಿಯ ಕೈಗಳೆಲ್ಲ ಎದ್ದವು,
ಬೆರಳು ಗಾಳಿಯಲ್ಲಿ ಒಂದು ಸುತ್ತು.
ನಮ್ಮಲ್ಲಿ ಅದರರ್ಥ: ಇತ್ತ ತಿರುಗಿ, ಕಾಣಿಸುತ್ತಿಲ್ಲ.

ಮೊದಲ ಕೈ ಯಾರದೆಂದು ನೋಡಲಾಗಲಿಲ್ಲ.
ನಾನೂ ಎತ್ತಿದ್ದೆ.